ಸರಿ ಒತ್ತಲೋ, ರದ್ದು ಒತ್ತಲೋ

ರಾಯಚೂರಿನಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ಆಫೀಸು. ಅಕ್ಕಿ ಗಿರಣಿ, ದವಾಖಾನೆ, ಕಲ್ಯಾಣ ಮಂಟಪಗಳಿಗೆ ಸಾಫ್ಟ್‌ವೇರ್ ಬರೆದು ಕೊಡುತ್ತೇವೆ. ಪರದೆಯ ಮೇಲೆ ಪುಟ್ಟ ಚೌಕವೊಂದು ಮೂಡಿ, ಏನೋ ಕೇಳಿ, ಕೆಳಗೆ ‘ಸರಿ’, ‘ರದ್ದು’ ಎಂಬ ಎರಡು ಗುಂಡಿ ತೋರಿಸುತ್ತದಲ್ಲ, ಅದನ್ನು ಬರೆಯುವವಳು ನಾನು. ಬರೆಯುವಾಗ ಎಲ್ಲ ಚೆನ್ನಾಗಿಯೇ ಇರುತ್ತದೆ. ಅದರ ಮುಂದೆ ಮನುಷ್ಯರು ಬಂದು ಕೂತ ಮೇಲೆ ನನಗೆ ಫೋನ್ ಬರಲು ಶುರುವಾಗುತ್ತದೆ.

ಕೇಳಿದ್ದೇ ತಪ್ಪು

ಮಾನ್ವಿಯ ಗಿರಣಿಯೊಂದರಲ್ಲಿ ಭತ್ತದ ಲಾರಿ ತೂಗುವ ಹಿರಿಯರೊಬ್ಬರು ಸಾಫ್ಟ್‌ವೇರ್ ಹಾಕಿಕೊಟ್ಟ ಎರಡನೇ ದಿನವೇ ಫೋನ್ ಮಾಡಿದರು. “ಮೇಡಂರೀ, ಒಂದು ತೂಕಾನೂ ಉಳಿದಿಲ್ಲ.”

ಹೋಗಿ ನೋಡಿದರೆ ಪ್ರತಿ ಲಾರಿಗೂ ‘ರದ್ದು’ ಒತ್ತಿದ್ದಾರೆ. ತೂಕ ಬರೆದ ಕೂಡಲೇ ನನ್ನ ಚೌಕ ‘ಇದು ಖಚಿತವೇ?’ ಎಂದು ಕೇಳುತ್ತಿತ್ತು.

“ಮೂವತ್ತು ವರ್ಷದಿಂದ ತೂಗಾಕತ್ತೀನಿ. ಮಾಲಕರು ಸುದ್ದಾ ಹಿಂಗ ಕೇಳಿಲ್ಲ. ಇದು ನಿನ್ನಿ ಬಂದು ಖಚಿತೇನು ಅಂತದ. ನನ್ನ ಕೇಳಬ್ಯಾಡ ಹೋಗು ಅಂತ ರದ್ದು ಒತ್ತೀನಿ.”

ಅಲ್ಲೇ ಕೂತು ಪ್ರಶ್ನೆಯನ್ನು ‘ಯಜಮಾನ್ರೇ, ಉಳಿಸಲೇ?’ ಎಂದು ತಿದ್ದಿದೆ. ಮುಂದಿನ ಲಾರಿಗೆ ಅವರು ಅದನ್ನು ಓದಿ, ‘ಸರಿ’ ಒತ್ತಿ, “ಈಗ ನೋಡ್ರಿ, ಮಂದಿ ಕೂಡ ಮಾತಾಡೋದು ಕಲ್ತದ” ಎಂದರು.

ಖಾಲಿ ಬಿಡುವಂತಿಲ್ಲ

ದೇವದುರ್ಗದ ದವಾಖಾನೆಯಲ್ಲಿ ಚೀಟಿ ಮಾಡಿಸಲು ಒಬ್ಬ ಅಜ್ಜಿ ಬಂದಳು. ಊರು, ವಯಸ್ಸು ಎಲ್ಲ ಹೇಳಿದಳು. ಗಂಡನ ಹೆಸರು ಕೇಳಿದಾಗ ಸೆರಗು ಬಾಯಿಗಿಟ್ಟುಕೊಂಡಳು. ನರ್ಸು ಅದೊಂದನ್ನು ಬಿಟ್ಟು ಮುಂದೆ ಹೋದರೆ ‘ಗಂಡನ ಹೆಸರು ಖಾಲಿ ಬಿಡುವಂತಿಲ್ಲ’ ಎಂದು ಚೌಕ ಅಡ್ಡ ಬರುತ್ತದೆ. ‘ರದ್ದು’ ಒತ್ತಿದರೆ ಬರೆದದ್ದಷ್ಟೂ ಅಳಿಸುತ್ತದೆ. ಮೂರು ಸಲ ಮೊದಲಿಂದ ಬರೆದ ನರ್ಸು, ಪಕ್ಕದ ಬೆಂಚಿನ ಮೇಲಿದ್ದ ಗಂಡನನ್ನೇ ಕೇಳಿದಳು.

“ಯಪ್ಪಾ, ನೀನರ ಹೇಳು.”

“ತಡಿ ಯವ್ವಾ, ಆಕೀನ ಹೇಳ್ಲಿ” ಎಂದ ಅಜ್ಜ. “ಲಗ್ನ ಆದಾಗಿಂದ ಕಾಯಾಕತ್ತೀನಿ. ಇವತ್ತು ಬಾಯಿ ಬಿಡೋ ಹಂಗ ಕಾಣ್ತದ.”

ಮದುವೆ ರದ್ದು

ರಾಯಚೂರಿನ ಕಲ್ಯಾಣ ಮಂಟಪದ ಮ್ಯಾನೇಜರು, ಯಾಪಲದಿನ್ನಿಯ ಮಾಸ್ತರೊಬ್ಬರ ಮಗಳ ಮದುವೆಯ ಬುಕಿಂಗ್ ತೆರೆದು ಎಲ್ಲೋ ಕೈ ತಾಗಿಸಿದರು. ‘ಮದುವೆ ರದ್ದು ಮಾಡಬೇಕೇ?’ ಎಂದಿತು ಚೌಕ. ಕೆಳಗೆ ಅವೇ ಎರಡು ಗುಂಡಿ.

“ರದ್ದು ಒತ್ತಿದ್ರ ಮದಿವಿ ರದ್ದಾಗ್ತದ, ಸರಿ ಒತ್ತಿದ್ರ ಎಲ್ಲಾ ಸರಿ ಇರ್ತದ ಅನಕೊಂಡೆ” ಎಂದು ಆಮೇಲೆ ನನಗೆ ಹೇಳಿದರು. ‘ಸರಿ’ ಒತ್ತಿಬಿಟ್ಟಿದ್ದರು. ಆ ಕ್ಷಣವೇ ಮಾಸ್ತರ ಮೊಬೈಲಿಗೆ ಮೆಸೇಜು ಹೋಗಿತ್ತು: ‘ಮಾನ್ಯರೇ, ನಿಮ್ಮ ಮದುವೆ ರದ್ದಾಗಿದೆ.’ ಅದನ್ನು ಬರೆದವಳೂ ನಾನೇ.

ಸುದ್ದಿ ತಿಳಿದು ನಾನು ಮಂಟಪ ತಲುಪುವಷ್ಟರಲ್ಲಿ ಮಾಸ್ತರು ಹೆಂಡತಿಯೊಡನೆ ಆಟೋದಲ್ಲಿ ಬಂದಿಳಿದಿದ್ದರು. ಮಾಸ್ತರು ಮೊಬೈಲನ್ನು ನನ್ನ ಮುಂದೆ ಹಿಡಿದರು. “ಬೀಗರಿಗೆ ಫೋನ್ ಮಾಡಿದ್ರ, ನಾವೇನು ಬ್ಯಾಡಂದಿಲ್ಲ, ನೀವ ಅಂದೀರೇನು ಅಂತ ಅವ್ರು ಕೇಳಾಕತ್ತಾರ” ಎಂದರು.

ನಾಚಿಕೆಯಿಂದ ತಲೆ ತಗ್ಗಿಸಿಯೇ ಕೂತು ಬುಕಿಂಗನ್ನು ಮೊದಲಿದ್ದಂತೆ ಮಾಡಿದೆ. ಗುಂಡಿಗಳ ಮೇಲೆ ‘ಮದುವೆ ಇರಲಿ’, ‘ಮದುವೆ ಬೇಡ’ ಎಂದು ಬರೆದು ತೋರಿಸಿದೆ. ಬೀಗರಿಗೂ ನಾನೇ ಮಾತಾಡಿ ಕ್ಷಮೆ ಕೇಳಿದೆ. ಮಾಸ್ತರು ಕುರ್ಚಿಗೆ ಒರಗಿ ನೀರು ಕುಡಿದರು.

ಅವರ ಹೆಂಡತಿ ಗಂಡನ ಮೊಬೈಲ್ ತೆಗೆದುಕೊಂಡು ಆ ಮೆಸೇಜನ್ನು ಇನ್ನೊಮ್ಮೆ ನಿಧಾನವಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಮೇಡಂರೀ, ಮಗಳದು ಹಂಗ ಇರ್ಲಿ. ನಿಮ್ಮ ಮದಿವಿ ಅಂತ ಇವರಿಗೇ ಬಂದದಲ್ಲ, ಇವರದು ರದ್ದು ಮಾಡೂದಿದ್ರ ಯಾವ ಗುಂಡಿ ಒತ್ತಬೇಕು, ಒಂದೀಟು ತೋರಿಸ್ರಿ.”