ತಂತಿಗಾಗಿ ಕಾದ ಟಿವಿ

ಕೆಟ್ಟ ಟಿವಿಯನ್ನು ರಿಪೇರಿ ಮಾಡಿಸುವವರನ್ನು ನೋಡಿದ್ದೀರಿ, ಗುಜರಿಗೆ ಹಾಕುವವರನ್ನೂ ನೋಡಿದ್ದೀರಿ. ಒಂದು ಚಿತ್ರವೂ ಬಾರದ ಟಿವಿಯನ್ನು ಮೂವತ್ತೈದು ವರ್ಷ ದಿನಾ ಒರೆಸಿ, ಬಟ್ಟೆ ಹೊದಿಸಿ, ಯಾರಾದರೂ ‘ಕೆಟ್ಟಿದೆಯಾ?’ ಎಂದರೆ ಮುಖ ಊದಿಸಿಕೊಳ್ಳುವವರನ್ನು ನೋಡಿದ್ದೀರಾ? ಇಲ್ಲವಾದರೆ ನಂಜನಗೂಡಿನ ನಮ್ಮ ಮನೆಗೆ ಬನ್ನಿ. ನನ್ನ ಸೋದರಮಾವನನ್ನು ತೋರಿಸುತ್ತೇನೆ.

“ಅದು ಕೆಟ್ಟೋಗಿಲ್ಲ ಕಣವ್ವ, ಅದ್ಕೆ ತಂತಿ ಸಿಕ್ಕಿಲ್ಲ ಅಷ್ಟೆ” ಎನ್ನುತ್ತಾರೆ.

ಮಾವ ತಿ. ನರಸೀಪುರದವರು. ರೇಡಿಯೊ ರಿಪೇರಿ ಕಲಿತು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಗುಡ್ಡಗಳ ನಡುವೆ ಸಿಕ್ಕಿಕೊಂಡ ಒಂದು ಊರು. ಅಲ್ಲಿ ಆಂಟೆನಾ ನೆಟ್ಟರೂ ಚಿತ್ರ ಬರದು. ಅದಕ್ಕೇ ಒಂದು ಕಂಪನಿಯವರು ಗುಡ್ಡದ ನೆತ್ತಿಯಲ್ಲಿ ಒಂದೇ ದೊಡ್ಡ ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಮನೆಗೆ ತಂತಿ ಎಳೆದಿದ್ದರು. ಮೊದಲು ತಂತಿಯಲ್ಲಿ ರೇಡಿಯೊ ಬರುತ್ತಿತ್ತಂತೆ, ಆಮೇಲೆ ಟಿವಿ. ನಮ್ಮಲ್ಲಿ ಕೇಬಲ್ ಎಂಬ ಮಾತು ಹುಟ್ಟುವ ಎಷ್ಟೋ ವರ್ಷ ಮೊದಲಿನ ಕಥೆ ಇದು! ಅಲ್ಲಿನ ಟಿವಿಗಳಿಗೆ ಗಾಳಿಯಿಂದ ಚಾನೆಲ್ ಹಿಡಿಯುವ ಭಾಗವೇ ಇರಲಿಲ್ಲ. ಕಿಟಕಿಯ ಪಕ್ಕ ಒಂದು ತಿರುಗಿಸುವ ಸ್ವಿಚ್ಚು. ಅದನ್ನು ತಿರುಗಿಸಿದರೆ ಚಾನೆಲ್ ಬದಲು. ಇಪ್ಪತ್ತು ವರ್ಷ ಮಾವ ಆ ಊರಿನಲ್ಲಿ ಮನೆಮನೆಗೆ ತಂತಿ ಜೋಡಿಸಿದರು. ಅಷ್ಟರಲ್ಲಿ ಇಲ್ಲಿ ಅವರ ಅಪ್ಪ ಹೋದರು, ಅವ್ವ ಹೋದರು. ಮಾವನಿಗೆ ಎರಡು ಸಲವೂ ಬರಲಾಗಲಿಲ್ಲ.

ಕೊನೆಗೆ ಹೊಸ ಕಾಲ ಬಂದು ಆ ತಂತಿಗಳನ್ನೆಲ್ಲ ಕಿತ್ತರು. ತಂತಿಯಿಲ್ಲದೆ ಆ ಟಿವಿಗಳು ಬರೀ ಪೆಟ್ಟಿಗೆಗಳಾದವು. ಊರಿಗೆಲ್ಲ ಬೇಡವಾದ ಪೆಟ್ಟಿಗೆಗಳಲ್ಲಿ ಒಂದನ್ನು ಎತ್ತಿಕೊಂಡು ಮಾವ ವಾಪಸು ಬಂದರು. ಸುಂಕದ ಅಧಿಕಾರಿ ‘ಇದರಲ್ಲಿ ಏನು ಬರುತ್ತೆ?’ ಎಂದು ಗದರಿಸಿದರಂತೆ. ಮಾವ ‘ಏನೂ ಬರಲ್ಲ ಸಾ’ ಎಂದರಂತೆ. ಅಧಿಕಾರಿ ಹಾಕಿ ನೋಡಿದರೆ ನಿಜವಾಗಿಯೂ ಏನೂ ಬರಲಿಲ್ಲ! ಪಾಪ, ಕನಿಕರಪಟ್ಟು ಬಿಟ್ಟುಬಿಟ್ಟರು.

ಫಾರಿನ್ನಿಂದ ಅಣ್ಣ ಏನೋ ತರುತ್ತಾನೆಂದು ಕಾದಿದ್ದ ನನ್ನ ಅವ್ವ ಒಂದು ವಾರ ಅವರ ಜೊತೆ ಮಾತಾಡಲಿಲ್ಲ. ಮಾವ ಮದುವೆಯಾಗಲಿಲ್ಲ, ತಂಗಿಯ ಮನೆಯಲ್ಲೇ ಉಳಿದರು. ಆಗ ನಾನು ಎರಡನೇ ಕ್ಲಾಸು.

ನಮ್ಮ ಬೀದಿಗೆ ಕೇಬಲ್ ಬಂದಾಗ ಮಾವ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಅಂತೂ ತಂತಿ ಬಂತಲ್ಲ! ಕೇಬಲ್‌ನವನು ಟಿವಿಯ ಬೆನ್ನ ಹಿಂದೆ ಹೋಗಿ ಆಂಟೆನಾ ತೂತು ಹುಡುಕಿದ, ಸಿಗಲಿಲ್ಲ. ಇದ್ದ ತೂತಿಗೆ ಅವನ ಪಿನ್ನು ಹಿಡಿಯಲಿಲ್ಲ. ಪಿನ್ನು ಹಿಡಿದಿದ್ದರೂ ಇಲ್ಲಿನ ಸಿಗ್ನಲ್ಲು ಆ ಪೆಟ್ಟಿಗೆಗೆ ಅರ್ಥವಾಗುತ್ತಿರಲಿಲ್ಲ. ಅರ್ಧ ಗಂಟೆ ಒದ್ದಾಡಿ, ಇದು ಟಿವಿಯೇ ಅಲ್ಲವೆಂದು ತೀರ್ಪು ಕೊಟ್ಟು ಹೋದ. ಅವನು ಬೀದಿಯಲ್ಲಿ ಕಂಡರೆ ಮಾವ ಮೊನ್ನೆಮೊನ್ನೆಯವರೆಗೂ ಮುಖ ತಿರುಗಿಸಿ ನಡೆಯುತ್ತಿದ್ದರು.

ಮನೆಗೊಂದು ಡಿಶ್ ಬಂದಮೇಲಂತೂ, ಊರಿಗೊಂದೇ ಆಂಟೆನಾ ಸಾಕೆನ್ನುವ ಅವರಿಗೆ ಮೈಯೆಲ್ಲ ಉರಿ. ನನ್ನನ್ನು ನೋಡಲು ಹುಲ್ಲಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ, ಮಾವ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಮನೆಗೆ ಟಿವಿ ಹೇಗೆ ಬರುತ್ತದೆ ಎಂದು. ಅವನು ಹೆಮ್ಮೆಯಿಂದ ಎರಡು ಡಿಶ್ ಇವೆ ಎಂದ.

“ಒಂದೇ ಮನೆಗೆ ಎರಡಾ? ಬ್ಯಾಡ ಕಣವ್ವ” ಎಂದು ಮಾವ ಎಲ್ಲರೆದುರೇ ಹೇಳಿಬಿಟ್ಟರು. “ಇವ್ರು ಅಂಚ್ಕೊಂಡು ಬಾಳೋ ಜನ ಅಲ್ಲ.”

ಅವ್ವ ನಾಚಿಕೆಯಿಂದ ಅಡುಗೆಮನೆ ಸೇರಿದಳು. ಸಂಬಂಧ ಮುರಿದುಬಿತ್ತು. ಆರು ತಿಂಗಳಿಗೆ ಸುದ್ದಿ ಬಂತು: ಆ ಮನೆಯ ಅಣ್ಣತಮ್ಮಂದಿರು ನಡುಮನೆಗೆ ಗೋಡೆ ಎಬ್ಬಿಸಿ ಕೋರ್ಟಿಗೆ ಅಲೆಯುತ್ತಿದ್ದಾರಂತೆ! ಅವತ್ತು ಮಾವ ಎರಡು ಲೋಟ ಕಾಫಿ ಜಾಸ್ತಿ ಕುಡಿದರು.

ಹೀಗೆ ನಗುತ್ತಲೇ ವರ್ಷಗಳು ಕಳೆದವು. ಈ ವರ್ಷ ಮಾವ ಲೋಟ ಇಡಲು ಹೋಗಿ ಮೇಜು ತಪ್ಪಿ ಬೀಳಿಸತೊಡಗಿದರು. ಮೈಸೂರಿನ ಕಣ್ಣಿನ ಡಾಕ್ಟರು ನರ ಒಣಗುತ್ತಿದೆ, ದೃಷ್ಟಿ ಇನ್ನು ಕೆಲವೇ ತಿಂಗಳು ಎಂದರು. ವಾಪಸು ಬರುವ ಬಸ್ಸಿನಲ್ಲಿ, ತಾಂಡವಪುರ ದಾಟಿದ ಮೇಲೆ, ಮಾವ ನನ್ನ ಕೈ ಹಿಡಿದುಕೊಂಡರು.

“ಕಣ್ಣು ಪೂರ್ತಿ ಮಂಜಾಗೋ ಮುಂಚೆ, ಒಂದೇ ಒಂದ್ಸಲ ಅದ್ರಲ್ಲಿ ಚಿತ್ರ ಬರ್ಬೇಕು ಕಣವ್ವ.”

ಅಷ್ಟು ವರ್ಷ ಆ ಪೆಟ್ಟಿಗೆಯನ್ನು ಗೇಲಿ ಮಾಡಿದ ನಾನು ಅವತ್ತು ‘ಬರಿಸೋಣ ಮಾವ’ ಎಂದೆ. ನಾನು ಕೆಲಸ ಮಾಡುವುದು ತಿ. ನರಸೀಪುರದಲ್ಲಿ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅವನ ಅಂಗಡಿಯಲ್ಲಿ ಹೋಗಿ ಕೂತು ಎಲ್ಲ ಹೇಳಿದೆ. ‘ನೋಡಾಣ, ತನ್ನಿ ಮೇಡಂ’ ಎಂದ. ಗೂಡ್ಸ್ ಆಟೋದಲ್ಲಿ ಟಿವಿ ಹೊರಟಿತು. ಒಂದೂವರೆ ತಿಂಗಳಲ್ಲಿ ಅವನು ಮೂರು ಸಲ ಸೋತ, ಮೂರು ಸಲವೂ ‘ಇನ್ನೊಂದು ವಾರ’ ಎಂದ. ಈ ಕಡೆ ಮಾವನ ಕಣ್ಣು ಕಾಯುತ್ತದೆಯೇ? ಗೋಡೆಯ ಕ್ಯಾಲೆಂಡರು ಅವರಿಗೆ ಕಾಣದಂತಾಯಿತು, ಆಮೇಲೆ ಗಡಿಯಾರವೂ.

ಕೊನೆಗೆ ಅವನೊಂದು ಸಣ್ಣ ಡಬ್ಬಿ ಕಟ್ಟಿದ. ಮೊಬೈಲಿನ ಚಿತ್ರವನ್ನು ಆ ಟಿವಿಗೆ ಬೇಕಾದಂತೆ ಬದಲಿಸಿ ತಂತಿಯಲ್ಲಿ ಕಳಿಸುವ ಡಬ್ಬಿಯಂತೆ. ಅವ್ವ, ಮಾವ, ನಾನು ಮೂವರೂ ಬಸ್ ಹತ್ತಿ ಹೋದೆವು. ಮಾವ ಅವ್ವನನ್ನೂ ನನ್ನನ್ನೂ ಟಿವಿಯ ಎದುರಿನ ಬೆಂಚಿನ ಮೇಲೆ ಕೂರಿಸಿದರು. ತಂತಿ ಸಿಗಿಸಲು ಮಾತ್ರ ಮಾವ ಯಾರನ್ನೂ ಬಿಡಲಿಲ್ಲ. ಟಿವಿಯ ಹಿಂದೆ ಹೋಗಿ, ಬೆರಳಲ್ಲೇ ತಡವಿ ತಾವೇ ಸಿಗಿಸಿದರು.

ಪರದೆ ಮಿಣುಕಿತು, ಗೆರೆ ಗೆರೆಯಾಯಿತು, ಆಮೇಲೆ ಚಿತ್ರ ನಿಂತಿತು. ಒಬ್ಬ ಹೆಂಗಸು ಮುದ್ದೆ ತಿರುವುತ್ತಿದ್ದಳು. ಇಂಗ್ಲಿಷರ ಪೆಟ್ಟಿಗೆಯಲ್ಲಿ, ಇಷ್ಟು ವರ್ಷಗಳ ಮೇಲೆ, ಬಂದದ್ದು ನಮ್ಮ ರಾಗಿಮುದ್ದೆ!

ಈ ಕಡೆ ಬನ್ನಿ ಮಾವ, ನೋಡಿ ಎಂದು ಕರೆದೆ. ಅವರು ಕದಲಲಿಲ್ಲ. ಟಿವಿಯ ಹಿಂದೆಯೇ ನಿಂತು, ಅದರ ಮೇಲೆ ಎರಡೂ ಕೈಯೂರಿ, ನಮ್ಮನ್ನೇ ನೋಡುತ್ತಿದ್ದರು.

“ಬಂದದೆ, ಗೊತ್ತಾಯ್ತು” ಎಂದರು. “ಅಲ್ಲೂ ಇಂಗೇಯ. ತಂತಿ ಸಿಗ್ಸಿ ಇಂದೆ ನಿಂತ್ಕೊಂಡು ಮನೆಯೋರ ಮುಖ ನೋಡೋದು. ಮುಖದ ಮೇಲೆ ಬೆಳಕು ಬಿದ್ದು ಅವ್ರು ನಕ್ರೆ, ಚಿತ್ರ ಬಂತು ಅಂತ. ಎಷ್ಟು ಮನೆ ನೋಡ್ದೆ, ಎಷ್ಟು ಮುಖ ನೋಡ್ದೆ. ನಮ್ಮೋರ ಮುಖ ಒಂದೂ ಇರ್ನಿಲ್ಲ.”

ಅವ್ವ ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಇಳಿಸಿ, ಬೆಂಚನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ನೀರು ಹರಿಯುವ ಮುಖವನ್ನು ಬೆಳಕಿಗೆ ಒಡ್ಡಿ ಕೂತಳು. ಮರೆಮಾಡಿದರೆ ಅಣ್ಣನಿಗೆ ಕಾಣುವುದಿಲ್ಲವಲ್ಲ.