ಅವ್ವನನ್ನು ಕೂರಿಸಿದ ಎತ್ತರ

ಶಿಲ್ಪಕಲೆಯ ವಿಷಯವನ್ನು ವಾಣಿಜ್ಯ ಪದವೀಧರನೊಬ್ಬ ಬರೆಯುವಾಗ ತಪ್ಪುಗಳು ನುಸುಳುವುದು ಸಹಜ; ತಿಳಿದವರು ಮನ್ನಿಸಬೇಕೆಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನಾದ್ದರಿಂದ, ಹಸುವಿನ ಜ್ವರದಿಂದ ಹಿಡಿದು ಬೋರ್‌ವೆಲ್ ಮೋಟಾರಿನವರೆಗೆ ಎಲ್ಲಕ್ಕೂ ಅಭಿಪ್ರಾಯ ಕೊಡುವ ಹೊಣೆ ನನ್ನದೇ. ಗೊತ್ತಿಲ್ಲವೆಂದರೆ ಯಾರೂ ನಂಬುವುದಿಲ್ಲ. ಓದಿದವನಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ.

ಹೀಗಿರುವಾಗ, ಬೆಂಗಳೂರಿನಲ್ಲಿ ಶಿಲ್ಪಕಲೆ ಓದುತ್ತಿರುವ ತಂಗಿ ಸುಮಾ, ಅವ್ವನ ತಲೆಯನ್ನು ಮಣ್ಣಿನಲ್ಲಿ ಮಾಡಿ, ಸುಟ್ಟು, ಹಳೆಯ ಸೀರೆಯಲ್ಲಿ ಸುತ್ತಿ, ನಮ್ಮೂರಾದ ಕುಂದಾಣದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ಅವಳು ಮಾಡಿದ್ದರಲ್ಲಿ ಮನೆಗೆ ತಂದದ್ದು ಇದೇ ಮೊದಲು. ಅವ್ವ ಒಮ್ಮೆ ಮೆಚ್ಚಲೆಂಬ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು. ಪೀಠದ ಆಯ್ಕೆ ಯಥಾಪ್ರಕಾರ ನನ್ನ ಪಾಲಿಗೆ ಬಂತು. ಶಿಲ್ಪವು ನೋಡುವವರ ಕಣ್ಣಿನ ಮಟ್ಟದಲ್ಲಿರಬೇಕೆಂದು ಎಲ್ಲೋ ಓದಿದ್ದೆ. ನೋಡುವವನು ನಾನೇ ಎಂದು ಭಾವಿಸಿ, ನನ್ನ ಕಣ್ಣಿನ ಎತ್ತರವನ್ನೇ ಗೋಡೆಯ ಮೇಲೆ ಗುರುತು ಮಾಡಿಕೊಂಡು, ದೇವನಹಳ್ಳಿಯಲ್ಲಿ ಬಿಳಿ ಬಣ್ಣದ ಮರದ ಪೀಠವೊಂದನ್ನು ಮಾಡಿಸಿ ನಡುಮನೆಯಲ್ಲಿ ನಿಲ್ಲಿಸಿ, ತಲೆಯನ್ನು ಅದರ ಮೇಲಿಟ್ಟೆ.

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಗೌರಕ್ಕ ಬಾಗಿಲಲ್ಲೇ ನಿಂತು ಸೆರಗನ್ನು ಬಾಯಿಗೊತ್ತಿಕೊಂಡರು.

"ಅಯ್ಯೋ, ಯಾವಾಗ್ ಹೋದ್ಲಪ್ಪಾ ನಿಮ್ಮವ್ವ? ನಮಗೊಂದ್ ಮಾತು ಹೇಳ್ಬಾರ್ದಿತ್ತಾ?"

"ಇನ್ನೂ ಹೋಗಿಲ್ಲ ಕಣೇ, ಹೆಪ್ಪು ಕೊಟ್ಬಿಟ್ಟು ಹೋಗ್ತೀನಿ, ನಿಂತ್ಕೋ!" ಎಂದು ಅಡುಗೆಮನೆಯಿಂದ ಅವ್ವ ಕೂಗಿದಳು.

ಗೌರಕ್ಕ ಹೋದ ಮೇಲೆ ಅವ್ವನ ನಗು ನಿಂತಿತು. "ಬದುಕಿರೋರ್ನ ಅಷ್ಟೆತ್ರ ಕೂರಿಸ್ತಾರೇನೋ? ಅಟ್ಟಕ್ಕೆ ಹಾಕ್ಬಿಡು ಅದ್ನ."

ಸುಮಾ ಹಳೆಯ ಸೀರೆಯನ್ನು ತಂದು ತಲೆಗೆ ಮತ್ತೆ ಸುತ್ತತೊಡಗಿದಳು. ನಾನು ಕಣ್ಣಿನ ಮಟ್ಟದ ತತ್ತ್ವವನ್ನು ವಿವರಿಸಲು ಹೊರಟೆ. "ನೀನ್ ಸುಮ್ನಿರೋ" ಎಂದು ಅವ್ವ ತಂಗಿಯ ಕೈ ಹಿಡಿದುಕೊಂಡಳು.

"ಚೆನ್ನಾಗಿಲ್ಲ ಅಂದ್ನೇನೇ ನಾನು? ನಾನ್ ಕೂರೋ ತಾವ ಕೂರ್ಸು ಅಂದೆ."

"ಯಾವಾಗ್ ಅಂದೆ?"

"ಈಗ ಅಂದೆ."

ಅಡುಗೆಮನೆಯ ಬಾಗಿಲ ಪಕ್ಕ, ಅವ್ವ ಅವರೆಕಾಯಿ ಬಿಡಿಸಲು ಕೂರುವಲ್ಲಿ ಮಣೆಯೊಂದನ್ನು ಹಾಕಿ, ಅದರ ಮೇಲೆ ಶಿಲ್ಪವನ್ನಿರಿಸಿದೆವು. ನಿಂತು ನೋಡಿದರೆ ಬೈತಲೆ ಮಾತ್ರ ಕಂಡಿತು. ಕುಳಿತೆ. ಆಡಬೇಕಾದ ಮಾತನ್ನು ತಡೆದಿಟ್ಟುಕೊಂಡಂತೆ ಒಳಕ್ಕೆ ಮಡಿಸಿದ ಕೆಳತುಟಿ ಕಾಣಿಸಿತು. ಪಕ್ಕಕ್ಕೆ ತಿರುಗಿದರೆ, ಅವ್ವನ ತುಟಿಯೂ ಹಾಗೆಯೇ ಇತ್ತು. "ಮೂಗು ಒಸಿ ದಪ್ಪ ಮಾಡ್ಬಿಟ್ಟಿದೀಯ" ಎನ್ನುತ್ತಾ ಅವಳು ಮಣ್ಣಿನ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು. ಸುಮಾ ಸೀರೆಯನ್ನು ಮಡಿಸಿಟ್ಟಳು.

ಆನಂತರ ಮನೆಯಲ್ಲಿ ಆದ ಬದಲಾವಣೆ ಇಷ್ಟು: ಸುಮಾ ಹಾಸ್ಟೆಲ್ಲಿನಿಂದ ಬಂದಾಗಲೆಲ್ಲ ನಾವು ಮೂವರೂ ನೆಲದ ಮೇಲೆ ಕುಳಿತು ಮಾತಾಡುತ್ತೇವೆ; ಅವ್ವ ಕತ್ತೆತ್ತಿ ನಮ್ಮನ್ನು ನೋಡಬೇಕಾಗಿಲ್ಲ. ಏಳುವಾಗ ಮಾತ್ರ ನನ್ನ ಮಂಡಿಗಳು ಸಹಕರಿಸುವುದಿಲ್ಲವಾದ್ದರಿಂದ, ಅವ್ವನೇ ಮೊದಲು ಎದ್ದು, ಕೈ ನೀಡಿ ನನ್ನನ್ನು ಎಬ್ಬಿಸುತ್ತಾಳೆ.