ಇಪ್ಪತ್ತೊಂದು ಚಕ್ಕುಲಿಗಳ ಪ್ರಯೋಗ

ಮಂಗಲವೈನಿಯವರನ್ನು ನಾವು ಮೊದಲು ಕಂಡದ್ದು ೧೯೭೮ರ ಜೂನ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆಗೆ. ಕೊಲ್ಹಾಪುರ ಸೀಮೆಯ ಕಬನೂರಿನ ಅವರ ವಾಡೆಯಲ್ಲಿ ಎರಡು ಕೋಣೆ ಬಾಡಿಗೆಗೆ ಇವೆ ಎಂದು ಕೇಳಿ ನಾನೂ ಹೆಂಡತಿಯೂ ಹೋಗಿದ್ದೆವು. ನಾನು ಹೈಸ್ಕೂಲಿಗೆ ಹೊಸದಾಗಿ ಸೇರಿದ ವಿಜ್ಞಾನದ ಮಾಸ್ತರ. ಹಲಕರ್ಣಿಯ ಕುರಿ ಕಾಯುವ ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಎಂಬ ಬಾಲ ಅಂಟಿಸಿಕೊಂಡ ಮೊದಲ ಪ್ರಾಣಿ. ವಾಡೆಗೆಲ್ಲ ಅತ್ತಿಗೆಯಾದ ವೈನಿ ಹಸಿರು ಇಳಕಲ್ ಸೀರೆ ಉಟ್ಟಿದ್ದರು, ಕೈಯಲ್ಲಿ ಹಿತ್ತಾಳೆ ತಾಟು ಇತ್ತು, ತಾಟಿನಲ್ಲಿ ಏಳು ಚಕ್ಕುಲಿ ಇದ್ದವು. ನನಗೆ ಅವರ ಮುಖಕ್ಕಿಂತ ಮೊದಲು ಕಂಡದ್ದು ಚಕ್ಕುಲಿ ಎಂದು ಒಪ್ಪಿಕೊಳ್ಳುತ್ತೇನೆ.

"ಮನಿ ಆಮೇಲೆ ನೋಡ್ರಿ. ಮೊದಲ ಇದನ್ನ ನೋಡ್ರಿ," ಎಂದರು.

ನಾನು ನೋಡಿದೆ. ಐದನ್ನು ನಾನೇ ನೋಡಿ ಮುಗಿಸಿದೆ. ನಮ್ಮೂರಿನ ದೀಪಾವಳಿ ಎಂದರೆ ಕುರಿಗಳ ಪೂಜೆ, ಹೋಳಿಗೆ, ಹಾಲು. ಹಲ್ಲಿಗೆ ಸಿಕ್ಕ ಕೂಡಲೇ ಕರಂ ಎಂದು ಮಾತಾಡುವ ತಿನಿಸು ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಟೊಳ್ಳು, ಹೊರಗೆ ಮುಳ್ಳು, ನಡುವೆ ಎಳ್ಳು. ಇದು ಮುರಿಯುವಾಗ ಸದ್ದು ಎಲ್ಲಿಂದ ಬರುತ್ತದೆ ಎಂಬ ಕುತೂಹಲ ಅಂದೇ ನನ್ನ ತಲೆಗೆ ಹೊಕ್ಕಿತು.

ಬಂದ ತಾಟನ್ನು ಖಾಲಿ ಕಳಿಸಬಾರದು ಎಂಬುದು ಆ ಕಡೆಯ ರೂಢಿ. ನಾವು ವಾಡೆಗೆ ಬಂದ ದಿನ ವೈನಿ ಮತ್ತೊಂದು ತಾಟು ಫರಾಳ, ಅಂದರೆ ಕುರುಕು ತಿಂಡಿ, ಕಳಿಸಿದರು. ನನ್ನ ಹೆಂಡತಿ ಯಮುನವ್ವ ಅದರಲ್ಲಿ ಒಂದು ಬೆಲ್ಲದ ಹೆಂಟೆ ಇಟ್ಟು ಮರಳಿಸಿದಳು. ವೈನಿ ನಕ್ಕು, "ಇರಲಿ ಬಿಡವಾ, ಕುರಿಯವರ ಮನ್ಯಾಗ ಚಕಲಿ ಎಲ್ಲಿಂದ ಬರಬೇಕ," ಎಂದರು. ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದೆ ಆಡಿದ ಮಾತು. ಆದರೆ ಯಮುನವ್ವ ಅದನ್ನು ಉಪ್ಪಿನಕಾಯಿಯ ಹಾಗೆ ಹದಿನಾರು ತಿಂಗಳು ಹಾಕಿಟ್ಟಳು.

ಮರುವರ್ಷದ ದೀಪಾವಳಿಗೆ ಭರಣಿ ತೆರೆಯಿತು. "ವೈನಿ, ಈ ಸಲ ನಮಗ ಚಕಲಿ ಕಳಸಬ್ಯಾಡ್ರಿ. ನಾನ ನಿಮಗ ಕಳಸ್ತೀನಿ," ಎಂದು ವಾಡೆಯ ನಡುವೆ ನಿಂತು ಸಾರಿಬಿಟ್ಟಳು.

ಕೊಲ್ಹಾಪುರದಿಂದ ಹೊಸ ಸೋರ್ಯಾ, ಅಂದರೆ ಚಕ್ಕುಲಿ ಒತ್ತುವ ಹಿತ್ತಾಳೆಯ ಕೊಳವೆ, ತರಿಸಿದಳು. ಮೊದಲನೆಯ ಸಲದ ಚಕ್ಕುಲಿ ಮಗ್ಗದ ಲಾಳಿಗಿಂತ ಗಟ್ಟಿ. ಎರಡನೆಯ ಸಲದ್ದು ಎಣ್ಣೆಗೆ ಬಿದ್ದ ಕೂಡಲೇ ಸಂಸಾರ ತೊರೆದು ಪುಡಿಯಾಯಿತು. ಮೂರನೆಯ ಸಲ, ಲಕ್ಷ್ಮೀಪೂಜೆಯ ದಿನ ಮಧ್ಯಾಹ್ನ, ಇಪ್ಪತ್ತೊಂದು ಚಕ್ಕುಲಿ ಹೊಂಬಣ್ಣದಲ್ಲಿ ಎದ್ದು ಬಂದವು. ವೈನಿ ಜೈನರು, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ತಿನ್ನುವುದಿಲ್ಲ. ಅದಕ್ಕಾಗಿ ಯಮುನವ್ವ ಹೊಸ ಬಾಣಲೆಯಲ್ಲೇ ಕರಿದಿದ್ದಳು. ತಾನೂ ಒಂದು ಚೂರು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಮೊದಲ ವೈನಿ ತಿನ್ನಲಿ. ನಾ ಪೂಜಾಕ್ಕ ಹೂವು ತರತೀನಿ. ಚಕಲಿ ಡಬ್ಬಿ ಮುಟ್ಟೀರಿ ಮತ್ತ."

"ಯಮುನಾ, ನಾನು ಪದವೀಧರ. ನನ್ನ ಮನಸ್ಸು ನನ್ನ ಮುಷ್ಟ್ಯಾಗ ಐತಿ."

"ಮನಸ್ಸು ಇರಲಿ. ಕೈ ಎಲ್ಲಿ ಇರತಾವು ಅದನ್ನ ಹೇಳ್ರಿ."

ಅವಳು ಹೋದಳು. ನಾನು, ನನ್ನ ಮನಸ್ಸು ಮತ್ತು ಡಬ್ಬಿ ಉಳಿದೆವು.

ಒಂದು ಪ್ರಶ್ನೆ ಎದ್ದಿತು: ವೈನಿಯ ಚಕ್ಕುಲಿಯ ಸದ್ದಿಗೂ ಇದರ ಸದ್ದಿಗೂ ವ್ಯತ್ಯಾಸ ಏನು? ಹೆಂಡತಿಯ ಮರ್ಯಾದೆಯ ವಿಷಯ. ಪರೀಕ್ಷಿಸದೆ ಕಳಿಸುವುದು ಬೇಜವಾಬ್ದಾರಿ. ಒಂದನ್ನು ಮುರಿದೆ. ಕರಂ. ಅದ್ಭುತ! ಆದರೆ ಒಂದೇ ಪ್ರಯೋಗದಿಂದ ಸಿದ್ಧಾಂತ ಮಂಡಿಸಬಾರದೆಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಇನ್ನೊಂದು ಮುರಿದೆ. ಅಂಚಿನ ಸದ್ದು ಬೇರೆ, ನಡುವಿನ ಸದ್ದು ಬೇರೆ ಎಂದು ಹೊಳೆಯಿತು. ಅದನ್ನು ಖಚಿತ ಮಾಡಿಕೊಳ್ಳಲು ಆರು ಬೇಕಾದವು. ವಿಜ್ಞಾನ ಮುಂದುವರಿಯಿತು. ಕೊನೆಗೆ ಡಬ್ಬಿಯಲ್ಲಿ ಮೂರು ಉಳಿದವು. ಮೂರನ್ನು ಯಾರಿಗೂ ಕೊಡಬಾರದು, ಅಶುಭ. ಶಾಸ್ತ್ರಕ್ಕೆ ತಲೆಬಾಗಿ ಅವನ್ನೂ ಮುಗಿಸಿದೆ.

ಖಾಲಿ ಡಬ್ಬಿಯ ತಳದಲ್ಲಿ ನನ್ನ ಮುಖ ಮಸುಕಾಗಿ ಕಂಡಿತು. ಪದವಿ ಎಲ್ಲೂ ಕಾಣಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ದನಿ: "ಮಾಸ್ತರ, ಘ್ಯಾ ಫರಾಳ!" ಫರಾಳ ತಗೊಳ್ಳಿ ಎಂದು ಮರಾಠಿಯಲ್ಲಿ ಕರೆದವಳು ಪಕ್ಕದ ಕೋಣೆಯ ಮುಕ್ತಾಬಾಯಿ. ಅವಳ ಗಂಡ ಜೋತಿಬಾ ವಾಡೆಯ ಹಿಂದಿನ ಮಗ್ಗದ ಶೆಡ್ಡಿನಲ್ಲಿ ನೇಯುವವನು. ಅವಳ ತಾಟಿನಲ್ಲಿ ಹನ್ನೊಂದು ಚಕ್ಕುಲಿ. ದೇವರು ಇದ್ದಾನೆ, ಮರಾಠಿ ಮಾತಾಡುತ್ತಾನೆ ಎಂದು ನನಗೆ ಖಾತ್ರಿಯಾಯಿತು. ತಾಟಿಗೆ ಒಂದು ಹಿಡಿ ಸಕ್ಕರೆ ಹಾಕಿ ಮರಳಿಸಿ, ಚಕ್ಕುಲಿಗಳನ್ನು ನಮ್ಮ ಡಬ್ಬಿಗೆ ಸಾಗಿಸಿದೆ.

ಆಮೇಲೆ ನೆನಪಾಯಿತು. ಬೆಳ್ಳುಳ್ಳಿ! ಮುಕ್ತಾಬಾಯಿ ಬೆಳ್ಳುಳ್ಳಿ ಹಾಕದ ಪದಾರ್ಥ ಎಂದರೆ ಚಹಾ ಒಂದೇ. ವೈನಿಯ ವ್ರತ ಕೆಡಿಸುವ ಪಾಪ ನನಗೆ ಬೇಡವಾಗಿತ್ತು. ಹನ್ನೊಂದನ್ನೂ ಒಂದೊಂದಾಗಿ ಮೂಸಿದೆ. ಬೆಳ್ಳುಳ್ಳಿಯ ಸುಳಿವೇ ಇಲ್ಲ. ಹಬ್ಬದ ದಿನ ಮುಕ್ತಾಬಾಯಿಗೆ ಸದ್ಬುದ್ಧಿ ಬಂದಿದೆ ಎಂದುಕೊಂಡೆ. ಇಷ್ಟು ದೊಡ್ಡ ಸುಳಿವು ಮೂಗಿಗೆ ಬಡಿದರೂ ಕಾರಣ ಹುಡುಕದೆ ಬಿಟ್ಟವನು ವಿಜ್ಞಾನದ ಮಾಸ್ತರ, ನೆನಪಿಡಿ.

ಯಮುನವ್ವ ಬಂದು ಡಬ್ಬಿ ತೆರೆದಳು.

"ಹನ್ನೊಂದ ಅದಾವಲ್ಲ?"

"ಹತ್ತು ನಾ ತಿಂದೆ," ಎಂದೆ. ದೊಡ್ಡ ಅಪರಾಧ ಮುಚ್ಚಲು ಸಣ್ಣದನ್ನು ಒಪ್ಪಿಕೊಳ್ಳಬೇಕು.

"ನನಗ ಗೊತ್ತಿತ್ತು. ಅದಕ್ಕ ಇಪ್ಪತ್ತೊಂದ ಮಾಡಿದ್ದು." ಒಂದನ್ನು ಎತ್ತಿ ನೋಡಿದಳು. "ಬಣ್ಣ ಕೆಂಪಾಗೇತಲ್ರಿ?"

"ಆರಿದ ಮ್ಯಾಲೆ ಬಣ್ಣ ಬದಲಾಗತೈತಿ. ಅದು ರಸಾಯನಶಾಸ್ತ್ರ."

ಹೊತ್ತು ಮುಳುಗಲು ಅರ್ಧ ತಾಸಿತ್ತು. ಅವಳು ಅವಸರದಿಂದ ತಾಟು ಜೋಡಿಸಿಕೊಂಡು ನಡೆದಳು. ಏನಾಗುತ್ತದೋ ಎಂಬ ಕುತೂಹಲ ತಡೆಯದೆ ನಾನೂ ಹಿಂದೆ ಹೋದೆ.

ವೈನಿ ಕಟ್ಟೆಯ ಮೇಲೆ ಕುಳಿತಿದ್ದರು. ಮುಕ್ತಾಬಾಯಿ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ವೈನಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ವೈನಿ ಉಳಿದ ಚೂರನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಯಮುನಾ, ನಿನ್ನ ಸೋರ್ಯಾದ ತೂತಿನ ಬಿಲ್ಲೆಗೂ ಒಂದ ಹಲ್ಲ ಮುರದೈತೇನ?"

"ಇಲ್ಲ ವೈನಿ, ಹೊಸಾದು."

"ನಂದು ಮುರದೈತಿ. ನಮ್ಮತ್ತಿ ಕಾಲದ್ದು. ಅದಕ್ಕ ನನ್ನ ಚಕಲಿಗೆ ಒಂದ ಕಡೆ ಮುಳ್ಳ ಇರೂದಿಲ್ಲ, ನುಣ್ಣಗ ಗೆರಿ ಬೀಳತೈತಿ. ನೋಡಿಲ್ಲೆ."

ಯಮುನವ್ವ ನೋಡಿದಳು. ಹನ್ನೊಂದರಲ್ಲೂ ಗೆರೆ ಇತ್ತು. ಅವಳ ಮುಖ ಸುಣ್ಣವಾಯಿತು. "ವೈನಿ, ನಾ ಕದ್ದಿಲ್ಲ," ಎಂದಳು, ಮೆಲ್ಲಗೆ. ಆ ಮಾತು ಕೇಳಿದ ಮೇಲೆ ನನಗೆ ನಿಲ್ಲಲಾಗಲಿಲ್ಲ.

"ತಪ್ಪು ನಂದು. ಇಪ್ಪತ್ತೊಂದೂ ನಾನ ತಿಂದೇನಿ. ಇವು ಮುಕ್ತಾಬಾಯಿ ಕೊಟ್ಟಿದ್ದು."

ಮುಕ್ತಾಬಾಯಿಯ ರಂಗೋಲಿಯ ಗೆರೆ ಓರೆಯಾಗಿ ಓಡಿತು. "ಅಗ ಬಾಯೀ! ವೈನಿ, ನೀವ ಮುಂಜಾನೆ ನಮಗ ಕೊಟ್ಟಿದ್ರಲ್ಲ, ಅವ ಇವು. ನಾ ಮಾಡಿದ್ದನ್ನ ನಮ್ಮ ಮನ್ಯಾವರು ನಿನ್ನೇನ ಮುಗಿಸ್ಯಾರ. ಮಾಸ್ತರಗ ಖಾಲಿ ಕೈಲೆ ಹೆಂಗ ಹಬ್ಬಾ ಮಾಡೂದಂತ..." ಆಮೇಲೆ ನನ್ನ ಕಡೆ ತಿರುಗಿದಳು. "ಇವತ್ತ ಮಗ್ಗ ಬಂದ್ ಅದಾವು. ಗ್ವಾಡಿ ಆಚೆ ಮಧ್ಯಾಹ್ನೆಲ್ಲ ಕರಂ ಕರಂ. ನಾ ಇಲಿ ಅಂತ ತಿಳದಿದ್ದೆ."

ಯಮುನವ್ವ ನನ್ನನ್ನು ಬಯ್ಯಲಿಲ್ಲ. ನನ್ನ ಕಡೆ ತಿರುಗಿ, "ಹೆಂಗಿದ್ದುವು?" ಎಂದಳು.

ಆಗ ತಿಳಿಯಿತು. ಎರಡು ಸಲ ಸೋತು ಅವಳು ಮಾಡಿದ ಚಕ್ಕುಲಿಯ ರುಚಿ ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತು. ಮಾಡಿದವಳಿಗೂ ಗೊತ್ತಿಲ್ಲ.

"ಭಾಳ ಚಲೋ ಇದ್ದುವು," ಎಂದೆ.

"ಇವರ ಸಾಕ್ಷಿ ನಡ್ಯಾಂಗಿಲ್ಲ," ಎಂದರು ವೈನಿ. "ಹಿಟ್ಟು ಉಳದೈತೇನವಾ?"

"ಒಂದ ಬಟ್ಟಲ ಐತಿ."

"ಹಂಗಾರ ನಡಿ. ಹೊತ್ತ ಇನ್ನೂ ಐತಿ."

ಮೂವರು ಹೆಂಗಸರು ನಮ್ಮ ಅಡುಗೆಮನೆಗೆ ನುಗ್ಗಿದರು. ನನ್ನ ಕೈಗೆ ಸೋರ್ಯಾ ಬಂತು. ಅದನ್ನು ಒತ್ತುವುದಕ್ಕೆ ಎಷ್ಟು ಬಲ ಬೇಕೆಂದು ಇಪ್ಪತ್ತೊಂದು ತಿಂದವನಿಗೆ ಆವರೆಗೆ ಗೊತ್ತಿರಲಿಲ್ಲ. ನಾಲ್ಕನೆಯದಕ್ಕೆ ಹೆಗಲು ಬಿಟ್ಟುಹೋಯಿತು. ವೈನಿ ಹೊಸ್ತಿಲಲ್ಲಿ ನಿಂತು ಒಂದು ಕಣ್ಣು ಎಣ್ಣೆಯ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ ಇಟ್ಟಿದ್ದರು. ಶೆಡ್ಡಿನ ತಗಡಿನ ಅಂಚಿಗೆ ಸೂರ್ಯ ತಾಗಿದಾಗ ಬಿಸಿ ಚಕ್ಕುಲಿ ಅವರ ಬಾಯಿಗೆ ಹೋಯಿತು.

ಕರಂ.

ಅವರು ಇನ್ನೊಂದು ತೆಗೆದುಕೊಂಡರು. ಅದೂ ಮುಗಿದ ಮೇಲೆ, "ನಾಳೆ ನಮ್ಮ ಮನ್ಯಾಗ ನೀನ ಬಂದು ಮಾಡ. ಬರುವಾಗ ಸೋರ್ಯಾ ತಗೊಂಡ ಬಾ," ಎಂದರು. ಹೋಗುತ್ತ ನನ್ನನ್ನು ನೋಡಿ, "ಇಲಿನೂ ಕರಕೊಂಡ ಬಾ. ಒತ್ತಾಕ ಬೇಕ," ಎಂದರು.

ಈಗ ನಾವು ಗಡಹಿಂಗ್ಲಜದಲ್ಲಿ ಇದ್ದೇವೆ. ಯಮುನವ್ವ ದೀಪಾವಳಿಗೆ ನಲವತ್ತು ಮನೆಗಳಿಗೆ ಚಕ್ಕುಲಿ ಮಾಡಿಕೊಡುತ್ತಾಳೆ. ನಾನು ಒತ್ತುತ್ತೇನೆ. ಡಬ್ಬಿಯ ಕೀಲಿಕೈ ಅವಳ ಹತ್ತಿರ ಇರುತ್ತದೆ.